ಕಂಬಳಿಗೆ ಗುರುತು ಹಾಕುತ್ತಿದ್ದ ಮೇಸ್ತ್ರಿ

ಮೇಸ್ತ್ರಿಯವರ ಕೆಳದುಟಿಯ ಮೇಲೆ ಯಾವಾಗಲೂ ಒಂದು ಉಣ್ಣೆಯ ಎಳೆ ಅಂಟಿಕೊಂಡಿರುತ್ತಿತ್ತು. ಒಮ್ಮೆ ಕರಿ ಎಳೆ, ಒಮ್ಮೆ ಬೂದು ಎಳೆ. ಮಾತಾಡುವಾಗ ಅಲ್ಲಾಡುತ್ತಿತ್ತು, ಉದುರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ನಾನು ಎರಡು ಸಲ "ತುಟಿ ಮೇಲೆ ಏನೋ ಐತೆ ನೋಡ್ರಿ" ಎಂದಿದ್ದೆ. ಅವರು ಒರೆಸಿಕೊಂಡರು. ಹತ್ತು ನಿಮಿಷ ಬಿಟ್ಟು ನೋಡಿದರೆ ಅಲ್ಲಿ ಇನ್ನೊಂದು ಎಳೆ ಇತ್ತು.

ಅದು ಅವರ ಕೆಲಸದಿಂದ ಬಂದದ್ದು. ನೇಕಾರರು ತಂದ ಪ್ರತಿ ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು, ತುಟಿಗೆ ತಾಗಿಸಿ ತೇವ ಮಾಡಿ, ಬೆರಳುಗಳ ನಡುವೆ ಹೊಸೆದು ನೋಡುತ್ತಿದ್ದರು. ಅನುಮಾನ ಬಂದರೆ ಬೆಂಕಿಕಡ್ಡಿ ಗೀರಿ ಸುಡುತ್ತಿದ್ದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಬೇರೆ ಏನಾದರೂ ಬೆರೆತಿದ್ದರೆ ಕರಗಿ, ಸಾಸಿವೆ ಕಾಳಿನಂಥ ಗಟ್ಟಿ ಗುಂಡಾಗುತ್ತದೆ. ಪಾಸಾದ ಕಂಬಳಿಯ ಒಂದು ಮೂಲೆಗೆ ಅವರು ಕೆಂಪು ನೂಲಿನಲ್ಲಿ ಮೂರು ಹೊಲಿಗೆ ಹಾಕುತ್ತಿದ್ದರು. ಆ ಗುರುತು ಬಿದ್ದ ಮೇಲೆ ಅದು ಸಂಘದ ಕಂಬಳಿ.

ಸಂಘ ಇದ್ದದ್ದು ಚಳ್ಳಕೆರೆಯಿಂದ ಸ್ವಲ್ಪ ಹೊರಗೆ, ರಸ್ತೆ ಪಕ್ಕದಲ್ಲಿ. ಮುಂದೆ ಒಂದು ಆಫೀಸು ರೂಮು, ಹಿಂದೆ ಉದ್ದನೆಯ ತಗಡಿನ ಗೋಡೌನು. ತಳಕು ಕಡೆಯವರು, ಮೊಳಕಾಲ್ಮೂರು ಕಡೆಯವರು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲೋ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡೋ ಕಂಬಳಿ ತರುತ್ತಿದ್ದರು. ಗೋಡೌನಿನ ಬಾಗಿಲ ಬಳಿ ಮಡಿಸಿದ ಗೋಣಿಚೀಲದ ಮೇಲೆ ಮೇಸ್ತ್ರಿ ಕೂತಿರುತ್ತಿದ್ದರು. ಎಂಥ ಬೇಸಿಗೆಯಲ್ಲೂ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಗಾಳಿಗೆ ಎಳೆಯ ಹುರಿ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ನಾಲ್ಕು ಗಂಟೆಗೆ ಜೇಬಿನಿಂದ ಮಂಡಕ್ಕಿ ಪೊಟ್ಟಣ ತೆಗೆದು, ಹುರಿಗಡಲೆ ಬೆರೆಸಿ, ಅಲ್ಲಿದ್ದವರಿಗೆಲ್ಲ ಒಂದೊಂದು ಹಿಡಿ ಕೊಟ್ಟು ತಾವೂ ತಿನ್ನುತ್ತಿದ್ದರು.

ಕಂಬಳಿಯನ್ನು ಕೆಟ್ಟದ್ದು ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಪಾಸಾಗದ್ದನ್ನು ಮಡಿಸಿ ನೇಕಾರರ ಕೈಗೇ ಕೊಟ್ಟು, "ಇದು ಬೆಚ್ಚಗೈತೆ. ಮನೇಲಿ ಹೊದ್ಕೊಳ್ರಿ" ಎನ್ನುತ್ತಿದ್ದರು. ಅಷ್ಟೇ ತೀರ್ಪು. ತಳಕು ಕಡೆಯ ಒಬ್ಬ ವಯಸ್ಸಾದ ಹೆಂಗಸು, ಗಂಡ ತೀರಿಕೊಂಡ ಮೇಲೆ ತಾನೇ ಮಗ್ಗಕ್ಕೆ ಇಳಿದವಳು, ಒಂದು ಸೋಮವಾರ ಎಲ್ಲರೆದುರು ಹೇಳಿದಳು: "ಮೇಸ್ತ್ರಣ್ಣಾ, ನಮ್ಮನೇಲಿ ಈಗ ಹೊದ್ಯೋರಿಗಿಂತ ಕಂಬ್ಳಿನೇ ಜಾಸ್ತಿ ಆಗ್ಯಾವೆ." ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕರು. ಆಮೇಲೆ ಅವಳ ಕಂಬಳಿ ಹರಡಿ, ಒಂದು ಕಡೆ ಹೊಕ್ಕಿನ ಎಳೆ ಸಡಿಲಾದ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಮಗ್ಗ ತುಳಿಯೋ ನಿನ್ನ ಕಾಲು ನಿದ್ದೆ ಮಾಡೈತೆ ನೋಡವ್ವ" ಎಂದರು. ಅವಳು ಬಗ್ಗಿ ನೋಡಿ ಹೌದೆಂದಳು. ಗುರುತು ಬೀಳಲಿಲ್ಲ.

ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ಚಳ್ಳಕೆರೆಯಲ್ಲೇ ಡಿಗ್ರಿ ಮುಗಿಸಿ, ಸರ್ಕಾರಿ ಕೆಲಸದ ಪರೀಕ್ಷೆಗಳನ್ನು ಬರೆಯುತ್ತಾ, ಸಿಕ್ಕ ಕೆಲಸಕ್ಕೆ ಸೇರಿದ್ದೆ. ಮನೆಯಲ್ಲಿ ಅವ್ವ ಮತ್ತು ನಾನು. ಸಂಘದ ಪತ್ರಗಳನ್ನೆಲ್ಲ ನಾನೇ ಟೈಪ್ ಮಾಡುತ್ತಿದ್ದೆ. ಮೇಸ್ತ್ರಿ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಮೊದಲ ದಿನದಿಂದ ಕಂಪ್ಯೂಟ್ರಮ್ಮ. ಅವರ ಓದು ಮೂರನೇ ಕ್ಲಾಸಿಗೆ ನಿಂತಿತ್ತು. ಬಸ್ಸಿನ ಬೋರ್ಡು ಓದುತ್ತಿದ್ದರು, ತಮ್ಮ ಹೆಸರನ್ನು ದೊಡ್ಡ ದೊಡ್ಡ ಅಕ್ಷರಗಳಲ್ಲಿ ನಿಧಾನವಾಗಿ ಬರೆಯುತ್ತಿದ್ದರು.

ಆ ಸಹಿ ವರ್ಷಕ್ಕೊಮ್ಮೆ ಬೇಕಾಗುತ್ತಿತ್ತು. ನಮ್ಮ ಸಂಘಕ್ಕೆ ಮಿಲಿಟರಿ ಆರ್ಡರ್ ಇತ್ತು. ಸೈನಿಕರಿಗೆ ಕೊಡುವ ಕಂಬಳಿಗಳಲ್ಲಿ ಒಂದು ಪಾಲನ್ನು ಕೈಮಗ್ಗದ ಸಂಘಗಳಿಂದಲೇ ಕೊಳ್ಳುತ್ತಿದ್ದರು. ಬೂದು ಬಣ್ಣ, ಇಷ್ಟು ಉದ್ದ, ಇಷ್ಟು ತೂಕ, ಶುದ್ಧ ಉಣ್ಣೆ, ಕೈಯಲ್ಲಿ ನೇಯ್ದದ್ದು ಎಂದು ಒಂದು ಪ್ರಮಾಣಪತ್ರ ಹೋಗಬೇಕು. ಅದರ ಕೆಳಗೆ ಬಲಕ್ಕೆ ಅಧ್ಯಕ್ಷರ ಸಹಿ, ಎಡಕ್ಕೆ 'ಪರಿಶೀಲಿಸಿದವರು' ಎಂಬಲ್ಲಿ ಮೇಸ್ತ್ರಿಯವರ ಸಹಿ. ಉಳಿದ ತಿಂಗಳುಗಳಲ್ಲಿ ಕುರಿ ಕಾಯುವವರಿಗೆ, ಸಂತೆಗೆ ಎಂದು ಒಂದಿಷ್ಟು ಕಂಬಳಿ ಹೋಗುತ್ತಿತ್ತು. ಮಗ್ಗಗಳು ವರ್ಷವಿಡೀ ಆಡುತ್ತಿದ್ದದ್ದು ಮಿಲಿಟರಿ ಆರ್ಡರ್‌ನಿಂದ.

ಅಧ್ಯಕ್ಷರು ಮೇಸ್ತ್ರಿಯವರ ಸ್ವಂತ ಅಕ್ಕನ ಮಗ. ಚುರುಕಿನ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ. ಅವರನ್ನು ಮೇಸ್ತ್ರಿ ಆಫೀಸಿನಲ್ಲಿ "ಅಧ್ಯಕ್ಷರೇ" ಎನ್ನುತ್ತಿದ್ದರು, ಹೊರಗೆ "ಲೇ" ಎನ್ನುತ್ತಿದ್ದರು. ಅಧ್ಯಕ್ಷರು ಎಲ್ಲಿದ್ದರೂ "ಮಾವ" ಎಂದೇ ಕರೆಯುತ್ತಿದ್ದರು.

ನಾನು ಸೇರಿದ ಎರಡನೇ ವರ್ಷ ಬಂದ ಆರ್ಡರ್ ಹಿಂದಿನದರ ಎರಡರಷ್ಟಿತ್ತು. ಕೊಟ್ಟ ಗಡುವು ಮೂರು ತಿಂಗಳು. ನಮ್ಮ ಮಗ್ಗಗಳಿಂದ ಅದು ಆಗುವ ಮಾತಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಮಾತ್ರ ಒಪ್ಪಿಕೊಂಡರು. ಗಡುವಿಗೆ ಮೂರು ವಾರವಿದ್ದಾಗ ಉತ್ತರದ ಕಡೆಯಿಂದ ಮೂರು ಲಾರಿ ಬಂದು ಗೋಡೌನಿಗೆ ಹಿಂಬದಿ ಮಾಡಿ ನಿಂತವು. ಇಳಿದದ್ದು ಬೂದು ಕಂಬಳಿಗಳು, ನೋಡಲು ನಮ್ಮವುಗಳಂತೆಯೇ. ಮೇಸ್ತ್ರಿ ಒಂದರ ಎಳೆ ಕಿತ್ತು ತುಟಿಗೆ ತಾಗಿಸಿದರು. ಕಡ್ಡಿ ಗೀರಿದರು. ಎಳೆ ಕರಗಿ ಗುಂಡಾಯಿತು. ಇನ್ನೊಂದು, ಮತ್ತೊಂದು. ಹಳೇ ಬಟ್ಟೆ, ಹಳೇ ಸ್ವೆಟರುಗಳನ್ನು ಯಂತ್ರಕ್ಕೆ ಹಾಕಿ ಕಿತ್ತು, ಪಾಲಿಯೆಸ್ಟರ್ ಬೆರೆಸಿ ನೂತು, ಮಿಲ್ಲಿನಲ್ಲಿ ನೇಯ್ದ ಮಾಲು ಅದು.

ಅಧ್ಯಕ್ಷರು ಅವರನ್ನು ಆಫೀಸು ರೂಮಿಗೆ ಕರೆತಂದರು. ನಾನು ಕಂಪ್ಯೂಟರ್ ಮುಂದೆ ಇದ್ದೆ. ನನ್ನನ್ನು ಹೊರಗೆ ಹೋಗೆನ್ನಲಿಲ್ಲ.

"ಮಾವ, ಇದೊಂದ್ಸಲ. ಅರ್ಧ ನಮ್ಮೋರು ನೇಯ್ದಿದ್ದೇ ಐತೆ. ಟೈಮಿಗೆ ಕೊಡ್ಲಿಲ್ಲ ಅಂದ್ರೆ ಪೂರ್ತಿ ಆರ್ಡರ್ ಕ್ಯಾನ್ಸಲ್. ಆಮೇಲೆ ಈ ಮಗ್ಗಗಳಿಗೆ ಏನು ಕೆಲ್ಸ ಕೊಡ್ತೀಯಾ ನೀನು?"

"ಹೊದ್ಯೋರಿಗೆ ಏನು ಹೇಳ್ತೀಯಾ?"

"ಅವ್ರು ಯಾಕೆ ಕೇಳ್ತಾರೆ? ಒಂದು ಸಾಲ್ದಿದ್ರೆ ಎರಡು ಹೊದೀತಾರೆ."

ಮೇಸ್ತ್ರಿ ಗೋಡೌನಿಗೆ ಹೋಗಿ ಕೆಂಪು ನೂಲಿನ ಉಂಡೆ ತೆಗೆದುಕೊಂಡು ಕೂತರು. ನಾಲ್ಕು ದಿನ ಹೊಲಿದರು. ಜೊತೆಗೆ ಇಬ್ಬರು ಹೆಂಗಸರು ಇದ್ದರು. ಆ ನಾಲ್ಕು ದಿನ ಅವರು ಎಳೆಯನ್ನೂ ಕೀಳಲಿಲ್ಲ, ಕಡ್ಡಿಯನ್ನೂ ಗೀರಲಿಲ್ಲ. ಪ್ರಮಾಣಪತ್ರ ಟೈಪ್ ಮಾಡಿದವಳು ನಾನು. ಸಹಿ ಎಲ್ಲಿ ಎಂದು ಕೇಳಿದರು. ತೋರಿಸಿದೆ. ಹಾಕಿದರು.

ಮಾಲು ಪರೀಕ್ಷಿಸುವ ಅಧಿಕಾರಿ ಬಂದದ್ದು ಅದರ ಮುಂದಿನ ವಾರ. ಬಾಗಿಲ ಬಳಿಯೇ ನಮ್ಮ ನೇಕಾರರು ನೇಯ್ದ ಒಂದು ಗಂಟು ಬಿಚ್ಚಿಟ್ಟಿದ್ದರು. ಅದರಿಂದ ನಾಲ್ಕು ಕಂಬಳಿ ತೆಗೆದು, ಅರಗಿನ ಸೀಲು ಹಾಕಿ, ಲ್ಯಾಬಿಗೆ ಕಳಿಸಿ ಎಂದರು. ಗೋಡೌನಿನ ಒಳಗೆ ಕಾಲಿಡಲಿಲ್ಲ. 'ಯಾದೃಚ್ಛಿಕವಾಗಿ ಆಯ್ದ ಮಾದರಿ' ಎಂದು ಟೈಪ್ ಮಾಡಲು ಹೇಳಿದರು. ಆ ಪದದ ಅರ್ಥ ನನಗೆ ಗೊತ್ತಿರಲಿಲ್ಲ, ಮನೆಗೆ ಹೋಗಿ ನಿಘಂಟು ನೋಡಿದೆ: ಆರಿಸದೆ, ಕೈಗೆ ಸಿಕ್ಕಿದ್ದನ್ನು ತೆಗೆಯುವುದು. ಅವರು ಹೊರಟಾಗ ಜೀಪಿನ ಹಿಂದಿನ ಸೀಟಿನಲ್ಲಿ ಮೊಳಕಾಲ್ಮೂರು ರೇಷ್ಮೆ ಸೀರೆಯ ನಾಲ್ಕು ಡಬ್ಬಿಗಳಿದ್ದವು. ಅವನ್ನು ಅಂಗಡಿಯಿಂದ ತರಿಸಿ ಇಡಿಸಿದವರು ಅಧ್ಯಕ್ಷರು. ಉಳಿದದ್ದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಮುಂದಿನ ವರ್ಷದವರೆಗೆ ಏನೂ ಆಗಲಿಲ್ಲ. ಆಮೇಲೆ ಒಂದು ಸೋಮವಾರ, ಮೊಳಕಾಲ್ಮೂರು ಕಡೆಯ ನೇಕಾರನೊಬ್ಬ ತನ್ನ ಮಗನನ್ನೂ ಕರೆದುಕೊಂಡು ಬಂದ. ಮಗ ಮಿಲಿಟರಿಯಲ್ಲಿದ್ದ, ರಜೆಗೆ ಬಂದಿದ್ದ. ಕಂಬಳಿಯ ಗಂಟು ಹೊತ್ತು ತಂದವನು ಅವನೇ. ಮೇಸ್ತ್ರಿ ಅವನ ಕೈಗೆ ಮಂಡಕ್ಕಿ ಹಾಕಿ, ಅಲ್ಲೆಲ್ಲ ಹೇಗಿದೆ ಎಂದು ವಿಚಾರಿಸಿದರು. ಅವನು ಹಿಮ, ಗುಡ್ಡ, ರೈಲು ಎಂದು ಏನೇನೋ ಹೇಳುತ್ತಿದ್ದವನು ಕಂಬಳಿಯ ಮಾತಿಗೆ ಬಂದ.

"ನಮ್ಮ ಯೂನಿಟ್ಟಿಗೆ ಹೊಸ ಕಂಬ್ಳಿ ಬಂದ್ವು ಮೇಸ್ತ್ರಣ್ಣಾ. ಮೂಲೇಲಿ ನಿಮ್ಮ ಕೆಂಪು ಹೊಲಿಗೆ ನೋಡ್ದೆ. ಇವು ನಮ್ಮೂರಿನ ಕಡೇವು, ನಮ್ಮಪ್ಪ ನೇಯ್ತಾನೆ ಅಂತ ಎಲ್ಲಾರಿಗೂ ತೋರ್ಸಿದ್ದೆ."

"ಆಮೇಲೆ?"

ಅವನು ಅಪ್ಪನ ಕಡೆ ನೋಡಿದ. "ಆಮೇಲೆ ಏನಿಲ್ಲ ಬಿಡ್ರಿ."

"ಹೇಳಪ್ಪಾ."

"ಒಂದ್ಸಲ ಒದ್ದೆ ಆದ್ರೆ ಒಣಗ್ತಾನೇ ಇರ್ಲಿಲ್ಲ. ಎಳೆ ಉದುರಿ ಗಂಟ್ಲಿಗೆ ಹೋಗೋದು. ಎರಡು ಹೊದ್ರೂ ಚಳಿ ಹಂಗೇ ಒಳಗೆ ಬರೋದು. ಹುಡುಗ್ರು ನನ್ನೇ ಕೇಳೋರು, ನಿಮ್ಮಪ್ಪ ಏನು ಹಾಕಿ ನೇಯ್ತಾನೆ ಅಂತ. ಊರಿಗೆ ಬಂದಾಗ ಅಪ್ಪನ್ನ ಕೇಳ್ಬೇಕು ಅಂದ್ಕೊಂಡಿದ್ದೆ. ಮನಸು ಬರ್ಲಿಲ್ಲ."

ಅವನ ಅಪ್ಪ ಏನೂ ತಿಳಿಯದೆ ಮೇಸ್ತ್ರಿಯನ್ನು ನೋಡಿದ. ಅವನು ಇಪ್ಪತ್ತು ವರ್ಷದಲ್ಲಿ ಒಂದೂ ಕೆಟ್ಟ ಕಂಬಳಿ ತಂದವನಲ್ಲ.

ಮೇಸ್ತ್ರಿ ಹುಡುಗನಿಗೆ ಹೇಳಿದರು: "ಅದು ನಿಮ್ಮಪ್ಪ ನೇಯ್ದಿದ್ದಲ್ಲ. ಹೊರಗಿಂದ ಬಂದಿದ್ದು. ಗೊತ್ತಿದ್ದೂ ಗುರುತು ಹಾಕಿದೋನು ನಾನು. ನಿಮ್ಮಪ್ಪನ ಮೇಲೆ ಹಾಕ್ಬ್ಯಾಡ."

ಹುಡುಗ ಮಂಡಕ್ಕಿ ತಿಂದು ಮುಗಿಸಿ, ಕೈ ಒರೆಸಿಕೊಂಡು, ಅಪ್ಪನ ಜೊತೆ ಬಸ್ಸಿಗೆ ಹೋದ. ಮೇಸ್ತ್ರಿ ಆ ದಿನ ಉಳಿದ ಕಂಬಳಿಗಳನ್ನೆಲ್ಲ ಎಂದಿನಂತೆ ನೋಡಿದರು. ಮರುದಿನವೂ ಬಂದರು. ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಆ ವರ್ಷದ ಆರ್ಡರ್ ಇನ್ನೂ ದೊಡ್ಡದಿತ್ತು. ಲಾರಿಗಳು ಮತ್ತೆ ಬಂದವು. ಈ ಸಲ ಮೇಸ್ತ್ರಿ ಎಳೆ ಕೀಳಲೂ ಹೋಗಲಿಲ್ಲ.

"ಇದಕ್ಕೆ ನನ್ನ ಕೈ ಬೀಳಲ್ಲ, ಅಧ್ಯಕ್ಷರೇ."

"ಹೋದ ವರ್ಷ ಬಿತ್ತಲ್ಲ ಮಾವ."

"ಬಿತ್ತು. ಅದಕ್ಕೇ ಹೇಳ್ತಿರೋದು."

ಅಧ್ಯಕ್ಷರು ಜಗಳವಾಡಲಿಲ್ಲ. ನೂಲಿನ ಉಂಡೆಯನ್ನು ಎತ್ತಿ ಆ ಇಬ್ಬರು ಹೆಂಗಸರ ಕೈಗೆ ಕೊಟ್ಟರು. ಮೂರು ಹೊಲಿಗೆ ಯಾರು ಹಾಕಿದರೂ ಮೂರೇ. ಮೇಸ್ತ್ರಿ ಹೊರಗೆ ಕಟ್ಟೆಯ ಮೇಲೆ ಕೂತು ಎರಡು ದಿನ ಅದನ್ನು ನೋಡಿದರು. ಮೂರನೇ ದಿನ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ಕಂಪ್ಯೂಟ್ರಮ್ಮ, ಒಂದು ಕಾಗ್ದ ಬರೆದುಕೊಡ್ತೀಯಾ? ಮಿಲಿಟರಿಯೋರಿಗೆ."

ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಮೊದಲ ಸಾಲು ಹೀಗಿತ್ತು: 'ಹೋದ ವರ್ಷದ ಕಂಬಳಿಗಳಿಗೆ ಗುರುತು ಹಾಕಿ ಸಹಿ ಮಾಡಿದವನು ನಾನು. ಅವು ಉಣ್ಣೆಯಲ್ಲ ಎಂದು ಗೊತ್ತಿದ್ದೂ ಮಾಡಿದೆ.' ನಾನು ಕೈ ನಿಲ್ಲಿಸಿದೆ.

"ಇದು ಬ್ಯಾಡ ಬಿಡ್ರಿ. ಈ ವರ್ಷದ್ದು ಮಾತ್ರ ಬರೆಯಾಣ."

"ಇದನ್ನ ನಂಬಿದ್ರೆ ಮಿಕ್ಕಿದ್ದೂ ನಂಬ್ತಾರೆ. ಹಾಕು."

ಹಾಕಿದೆ. ಪ್ರಿಂಟು ತೆಗೆದೆ. ಆಮೇಲೆ ನಾನು ಮಾಡಿದ್ದನ್ನು ಮಾಡೆಂದು ಅವರು ಕೇಳಿರಲಿಲ್ಲ. ಲಾರಿಯ ಜೊತೆ ಒಂದು ಸರಕಿನ ಚೀಟಿ ಬಂದಿತ್ತು. ಅದರಲ್ಲಿ ಇಂಗ್ಲಿಷಿನಲ್ಲಿ, ಹಳೆ ಬಟ್ಟೆಯ ನೂಲಿನಿಂದ ಮಾಡಿದ ಮಿಲ್ ಕಂಬಳಿ ಎಂದು ಸ್ಪಷ್ಟವಾಗಿ ಇತ್ತು. ಎಷ್ಟು ಗಂಟು, ಎಲ್ಲಿಂದ ಎಲ್ಲಿಗೆ, ಎಲ್ಲವೂ. ಅದು ಫೈಲಿನಲ್ಲಿರುವುದು ನನಗೆ ಮಾತ್ರ ಗೊತ್ತಿತ್ತು, ಫೈಲು ಮಾಡಿದವಳು ನಾನೇ. ಹತ್ತಿರದಲ್ಲಿದ್ದ ಜೆರಾಕ್ಸ್ ಅಂಗಡಿ ಅಧ್ಯಕ್ಷರ ತಮ್ಮನದು. ಹಾಗಾಗಿ ಮೂಲ ಚೀಟಿಯನ್ನೇ ತೆಗೆದು ಮೇಸ್ತ್ರಿಯವರ ಕೈಗೆ ಕೊಟ್ಟೆ.

"ಇದನ್ನೂ ಸೇರ್ಸ್ರಿ. ಇಲ್ಲಾಂದ್ರೆ ಬರೀ ಮಾತಾಗ್ತೈತೆ."

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯಾರು ಕೊಟ್ರು ಅಂತ ಕೇಳಿದ್ರೆ?"

"ಯಾರೂ ಕೊಡ್ಲಿಲ್ಲ" ಎಂದೆ.

ಚಳ್ಳಕೆರೆ ಪೋಸ್ಟಾಫೀಸಿಗೆ ನಡೆದುಕೊಂಡೇ ಹೋಗಿ ರಿಜಿಸ್ಟರ್ ಮಾಡಿ ಬಂದರು.

ಎರಡು ತಿಂಗಳಾದ ಮೇಲೆ ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಆಫೀಸು ರೂಮಿನಲ್ಲೇ ಎಲ್ಲರನ್ನೂ ಕೂರಿಸಿದರು. ಹೇಳಿಕೆಗಳನ್ನು ಟೈಪ್ ಮಾಡಲು ನನ್ನನ್ನೇ ಕೂರಿಸಿದರು. ಅಧ್ಯಕ್ಷರು ಒಂದು ಮಾತು ಹೇಳಿದರು: ಗುಣಮಟ್ಟ ನೋಡುವುದು ಮೇಸ್ತ್ರಿಯ ಕೆಲಸ, ಮೇಸ್ತ್ರಿ ಸಹಿ ಮಾಡಿದ ಮೇಲೆ ತಾವು ಮಾಡುವುದು, ತಪ್ಪು ಮಾಡಿದ್ದೇನೆಂದು ಮೇಸ್ತ್ರಿಯೇ ಬರೆದಿದ್ದಾರೆ. ಆಮೇಲೆ ಹಿರಿಯ ಅಧಿಕಾರಿ ಸರಕಿನ ಚೀಟಿಯನ್ನು ಎತ್ತಿ ಹಿಡಿದು ಮೇಸ್ತ್ರಿಯನ್ನು ಕೇಳಿದರು.

"ಇದು ನಿಮಗೆ ಎಲ್ಲಿ ಸಿಕ್ತು? ಯಾರು ಕೊಟ್ರು?"

ನನ್ನ ಕೈ ಕೀಬೋರ್ಡ್ ಮೇಲಿತ್ತು. ಬಹುಶಃ ಬೆರಳುಗಳನ್ನೇ ನೋಡುತ್ತಿದ್ದೆ. ಒಂದು ತಿಂಗಳ ಹಿಂದೆ ನಾನು ಬರೆದಿದ್ದ ಪರೀಕ್ಷೆಯ ಫಲಿತಾಂಶ ಬಂದಿತ್ತು, ಪಟ್ಟಿಯಲ್ಲಿ ನನ್ನ ನಂಬರಿತ್ತು. ಮುಂದೆ ಪೊಲೀಸ್ ವೆರಿಫಿಕೇಷನ್ ಇತ್ತು. ಮೇಸ್ತ್ರಿಗೂ ಅದು ಗೊತ್ತಿತ್ತು, ಫಲಿತಾಂಶ ಬಂದ ದಿನ ಸಂಘದವರಿಗೆಲ್ಲ ಸಿಹಿ ಹಂಚಿದ್ದೆ.

"ಯಾರೂ ಕೊಡ್ಲಿಲ್ಲ ಸ್ವಾಮಿ. ಫೈಲಿಂದ ನಾನೇ ತೆಗ್ದೆ."

"ಇದು ಇಂಗ್ಲಿಷಲ್ಲಿದೆ. ನಿಮಗೆ ಓದೋಕೆ ಬರುತ್ತಾ?"

"ಬರಲ್ಲ."

"ಮತ್ತೆ ಇದೇ ಬೇಕಾದ ಕಾಗದ ಅಂತ ಹೇಗೆ ಗೊತ್ತಾಯ್ತು?"

ಮೇಸ್ತ್ರಿ ಚೀಟಿಯ ಕಡೆ ಕೈ ತೋರಿಸಿದರು. "ಮೇಲುಗಡೆ ಲಾರಿ ಚಿತ್ರ ಐತಲ್ಲ ಸ್ವಾಮಿ."

ಕಿರಿಯ ಅಧಿಕಾರಿ ನಕ್ಕರು. ಹಿರಿಯರು ನಗಲಿಲ್ಲ, ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ "ಬರ್ಕೊಳ್ಳಿ" ಎಂದರು. 'ಫೈಲಿನಿಂದ ನಾನೇ ತೆಗೆದೆ' ಎಂಬ ಮೇಸ್ತ್ರಿಯವರ ಹೇಳಿಕೆಯನ್ನು ನಾನೇ ಟೈಪ್ ಮಾಡಿದೆ. ಅವರು ದೊಡ್ಡ ಅಕ್ಷರಗಳಲ್ಲಿ ಸಹಿ ಹಾಕಿದರು.

ಆಮೇಲೆ ಆದದ್ದು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆರ್ಡರ್ ರದ್ದಾಯಿತು. ಸಂಘದ ಹೆಸರು ಕಪ್ಪುಪಟ್ಟಿಗೆ ಹೋಯಿತು. ಮಾದರಿಗೆ ಸೀಲು ಹಾಕಿದ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ಅಧ್ಯಕ್ಷರಿಗೆ ಒಂದು ನೋಟಿಸು ಬಂತು, ಉತ್ತರ ಕೊಟ್ಟರು, ಮುಂದಿನ ಚುನಾವಣೆಯಲ್ಲಿ ಅವರೇ ಗೆದ್ದರು. ಮೇಸ್ತ್ರಿಯನ್ನು ಕೆಲಸದಿಂದ ತೆಗೆದು, ಸಂಘದ ದಾಖಲೆ ಕದ್ದರೆಂದು ಪೊಲೀಸರಿಗೆ ದೂರು ಕೊಟ್ಟರು. ದೂರಿಗೆ ಅವರದೇ ಹೇಳಿಕೆಯ ಪ್ರತಿಯನ್ನು ಲಗತ್ತಿಸಿದ್ದರು. ಮರುವರ್ಷ ಆ ಲಾರಿಗಳಲ್ಲೊಂದರ ಡ್ರೈವರ್ ಚಳ್ಳಕೆರೆಯ ಟೀ ಅಂಗಡಿಯಲ್ಲಿ ಸಿಕ್ಕಿದ್ದ. ಎಲ್ಲಿಗೆ ಎಂದು ಕೇಳಿದೆ. "ಮಾಲ್ ಅದೇ ಮೇಡಂ, ಊರು ಬೇರೆ" ಎಂದ.

ಮೇಸ್ತ್ರಿಯವರ ಊರು ತಳಕಿನ ಆಚೆ. ಅಲ್ಲೂ ಸುತ್ತಮುತ್ತಲೂ ಮಗ್ಗದ ಮನೆಗಳೇ. ಆರ್ಡರ್ ನಿಂತ ಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. ಕೆಲವರು ಕಟ್ಟಡದ ಕೆಲಸಕ್ಕೆ ಹೋದರು, ಕೆಲವರು ಎಣ್ಣೆ ಮಿಲ್ಲುಗಳಿಗೆ ಮೂಟೆ ಹೊರಲು ಬಂದರು. ಕಂಬಳಿ ಜಾಸ್ತಿಯಾಗಿದೆ ಎಂದು ನಗಿಸಿದ್ದ ಆ ಹೆಂಗಸು ಒಂದು ದಿನ ಅವರ ಮನೆ ಮುಂದೆ ನಿಂತು ಹೇಳಿದಳಂತೆ: "ಮೇಸ್ತ್ರಣ್ಣಾ, ನೀನು ಒಳ್ಳೇವ್ನಾದೆ. ನಮ್ಮ ಮಗ್ಗ ನಿಂತ್ವು." ಅವರು "ಹೌದು ಕಣವ್ವ" ಎಂದರಂತೆ. ಇದನ್ನು ಅವರೇ ನನಗೆ ಹೇಳಿದರು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಎಂದೂ ಸೇರಿಸಿದರು. ಮದುವೆ, ದೇವರ ಕಾರ್ಯಕ್ಕೆ ಅವರನ್ನು ಕರೆಯುವುದು ನಿಂತಿತ್ತು. ಮೊಳಕಾಲ್ಮೂರು ಕಡೆಯ ಆ ಸೈನಿಕನ ಅಪ್ಪ ಮಾತ್ರ ಆಗಾಗ ಬಂದು ಹೋಗುತ್ತಿದ್ದ.

ಇಪ್ಪತ್ತು ವರ್ಷ ಬರೀ ಇತರರ ಕಂಬಳಿ ನೋಡಿದವರು ಮನೆಯಲ್ಲಿದ್ದ, ನೆಲದ ಗುಂಡಿಯಲ್ಲಿ ಕೂರುವ ಕುಣಿಮಗ್ಗ ಸರಿಮಾಡಿಕೊಂಡು ಮತ್ತೆ ಇಳಿದರು. ಹೆಂಡತಿ ನೂಲುತ್ತಿದ್ದರು, ಇವರು ನೇಯುತ್ತಿದ್ದರು, ಹುಣಸೆ ಬೀಜದ ಗಂಜಿ ಹಾಕಿ ಒಣಗಿಸಿ ರಾಂಪುರದ ಸಂತೆಗೆ ಒಯ್ಯುತ್ತಿದ್ದರು. ರಾಂಪುರ ಹೆಂಡತಿಯ ತವರು. ಆಕೆಯ ಮಾತಿನಲ್ಲಿ ತೆಲುಗೇ ಹೆಚ್ಚು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮೇಸ್ತ್ರಿ ಚಳ್ಳಕೆರೆಯ ಕೋರ್ಟಿಗೆ ಬರಬೇಕಿತ್ತು. ಅವರು ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ ಕೂತಿರುವುದನ್ನು ನಾನು ಎರಡು ಸಲ ನೋಡಿದೆ. ಒಮ್ಮೆ ಹೋಗಿ ಮಾತಾಡಿಸಿದೆ. ಇನ್ನೊಮ್ಮೆ ರಸ್ತೆಯ ಆಚೆ ಬದಿಗೆ ದಾಟಿ ಹೋದೆ.

ನನಗೆ ಕೆಲಸದ ಆದೇಶ ಬಂತು. ಮೊಳಕಾಲ್ಮೂರಿನ ತಾಲ್ಲೂಕು ಕಚೇರಿ. ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಸೇರುವ ಮೊದಲು ಮೇಸ್ತ್ರಿಯ ಮನೆಗೆ ಹೋಗಿ ಹಣ್ಣು ಕೊಟ್ಟು ನಮಸ್ಕಾರ ಮಾಡಿದೆ. "ಸರ್ಕಾರಿ ಕೆಲ್ಸ. ಓದದೆ ಸಹಿ ಹಾಕ್ಬ್ಯಾಡ" ಎಂದರು. ಅವರ ಹೆಂಡತಿ ರೊಟ್ಟಿ, ಕಡಲೆಬೀಜದ ಚಟ್ನಿ ಇಟ್ಟು, "ತಿನಮ್ಮಾ, ತಿನು" ಎಂದು ಎದುರಿಗೆ ಕೂತು ತಿನ್ನಿಸಿದರು. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಹೋಗುತ್ತಿದ್ದೆ. ಪ್ರತಿ ಸಲವೂ ಒಂದು ಮಾತು ಹೇಳಬೇಕೆಂದು ಹೋಗಿ, ಉಂಡು ಬರುತ್ತಿದ್ದೆ.

ಒಂದು ಸಲ ಹೇಳಿದೆ. ಅವರು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುತ್ತಿದ್ದರು. ಹೆಂಡತಿ ನೀರಿಗೆ ಹೋಗಿದ್ದರು.

"ಆ ಚೀಟಿ ನಾನೇ ಕೊಟ್ಟಿದ್ದು ಅಂತ ಕೋರ್ಟಲ್ಲಿ ಹೇಳ್ಬಿಡ್ತೀನಿ ಮೇಸ್ತ್ರೇ."

ಲಾಳಿ ಒಂದು ಸಲ ಆ ಕಡೆ ಹೋಗಿ ಈ ಕಡೆ ಬಂತು.

"ಹೇಳಿದ್ರೆ ಏನಾಗ್ತೈತೆ? ನಂದು ಕಮ್ಮಿ ಆಗಲ್ಲ. ನಿಂದು ಶುರು ಆಗ್ತೈತೆ."

ಮತ್ತೆ ನೇಯತೊಡಗಿದರು. ನಾನು ಇನ್ನೊಮ್ಮೆ ಹೇಳಲಿಲ್ಲ. ಅಷ್ಟು ಬೇಗ ಅವರ ಮಾತನ್ನು ಒಪ್ಪಿಕೊಂಡದ್ದು ನನಗೆ ನೆನಪಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಮನಸ್ಸು ಹಗುರವಾಗಿತ್ತು, ಅದೂ ನೆನಪಿದೆ.

ಅವರು ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ಉಣ್ಣೆಯ ಧೂಳು ಕುಡಿದ ಎದೆ. ಕೆಮ್ಮು ಬಹಳ ವರ್ಷದಿಂದ ಇತ್ತು, ಕೊನೆಯ ಎರಡು ತಿಂಗಳು ಮಗ್ಗಕ್ಕೆ ಇಳಿಯಲಾಗಲಿಲ್ಲ. ಕಳವಿನ ಕೇಸು ಇನ್ನೂ ನಡೆಯುತ್ತಿತ್ತು. ವಕೀಲರು ಮರಣ ಪ್ರಮಾಣಪತ್ರ ಹಾಜರುಪಡಿಸಿದ ಮೇಲೆ ಮುಕ್ತಾಯವಾಯಿತು. ಅಪರಾಧಿ ಎಂದೂ ಆಗಲಿಲ್ಲ, ಅಲ್ಲವೆಂದೂ ಆಗಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗುವ ಮುನ್ನ ನಾನು ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದು, ನನ್ನ ಹೆಸರು, ಈಗಿನ ಹುದ್ದೆ ಹಾಕಿ, ಸಹಿ ಮಾಡಿದೆ. ಮೂರು ಪ್ರತಿ ಮಾಡಿ, ಒಂದನ್ನು ವಿಚಾರಣೆ ನಡೆಸಿದ ಕಚೇರಿಗೆ, ಒಂದನ್ನು ಸಂಘಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಮೂರನೆಯದನ್ನು ಅವರ ಮನೆಗೆ ಒಯ್ದೆ.

ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದಿದ್ದರು. ನೇಕಾರರೇ ಬಹಳ. ಸೈನಿಕನ ಅಪ್ಪ ಇದ್ದ. ತಳಕು ಕಡೆಯ ಆ ಹೆಂಗಸೂ ಬಂದಿದ್ದಳು, ಒಲೆಯ ಹತ್ತಿರ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಮೇಸ್ತ್ರಿಯ ಹೆಂಡತಿ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂತು, ಕಾಗದ ಕೈಯಲ್ಲಿಟ್ಟುಕೊಂಡು, ಆ ಚೀಟಿಯ ವಿಷಯ ಹೇಳತೊಡಗಿದೆ. ಅರ್ಧ ಮಾತು ಆಗಿರಲಿಲ್ಲ, ನನ್ನ ಮೊಣಕೈ ಮುಟ್ಟಿ ನಿಲ್ಲಿಸಿದರು.

"ತೆಲುಸಮ್ಮಾ. ಗೊತ್ತು. ವಿಚಾರಣೆ ದಿನ ಮನೆಗೆ ಬಂದು ಹೇಳಿದ್ರು, ಯಾರಿಗೂ ಹೇಳ್ಬ್ಯಾಡ ಅಂದ್ರು." ಮೊಣಕೈ ಮೇಲಿಟ್ಟ ಕೈ ತೆಗೆಯಲಿಲ್ಲ. "ನೀನು ಬಂದಾಗೆಲ್ಲ, ಇವತ್ತು ನನ್ನ ಮುಂದೆ ಹೇಳ್ತಾಳೇನೋ ಅಂತ ನೋಡ್ತಾ ಇದ್ದೆ."

ಅವರು ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದರು. ಅವರಿಗೆ ಓದಲು ಬರುವುದಿಲ್ಲ.

"ಅದ್ರಾಗೆ ಅದೇ ಬರ್ದಿದೀಯಾ?"

"ಹೂಂ."

"ಹಂಗಾದ್ರೆ ಹೊರಗೆ ಹೋಗಿ ಓದು. ಎಲ್ಲಾರೂ ಅವ್ರೆ."

ಅಂಗಳದಲ್ಲಿ ಪಂಕ್ತಿ ಹಾಕಿದ್ದರು, ಎಲೆ ಬಿದ್ದಿತ್ತು, ಅನ್ನ ಇನ್ನೂ ಬಂದಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತು, ಆ ಚೀಟಿಯನ್ನು ಸಂಘದ ಫೈಲಿನಿಂದ ತೆಗೆದು ಮೇಸ್ತ್ರಿಯವರ ಕೈಗೆ ಕೊಟ್ಟವಳು ನಾನು ಎಂದು ಓದಿದೆ. ಹಿಂದಿನ ಸಾಲಿನಿಂದ ಯಾರೋ, "ಕೇಳಿಸ್ಲಿಲ್ಲ ಕಣವ್ವ, ಇನ್ನೊಂದ್ಸಲ ಓದು" ಎಂದರು. ಒಲೆಯ ಹತ್ತಿರ ಕೂತಿದ್ದ ಹೆಂಗಸು ಈಳಿಗೆ ಬಿಟ್ಟು ಎದ್ದು ನಿಂತಳು. ನಾನು ಮೊದಲ ಸಾಲಿನಿಂದ, ಎಲ್ಲರಿಗೂ ಕೇಳುವ ಹಾಗೆ, ಮತ್ತೆ ಓದಿದೆ.